ಒಂದು ವರ್ಷದ ಮೇಯರ್‌ಗೆ ಪಿಎ ಆಗಿದ್ದಾಗ

ಮೇಯರ್ ಕಚೇರಿಗೆ ಅರ್ಜಿ ಹಿಡಿದು ಬರುವವರಲ್ಲಿ ಹೆಚ್ಚಿನವರಿಗೆ ಒಂದೇ ನಂಬಿಕೆ: ಮೇಯರ್ ಒಂದು ಸಹಿ ಹಾಕಿದರೆ ಕೆಲಸ ಆಗಿಬಿಡುತ್ತದೆ. ಹೊಸದಾಗಿ ಆಯ್ಕೆಯಾದ ಮೇಯರ್‌ಗೂ ಮೊದಲ ವಾರ ಅದೇ ನಂಬಿಕೆ ಇರುತ್ತದೆ. ನಾನು ಕರ್ನಾಟಕದ ಒಂದು ಮಹಾನಗರ ಪಾಲಿಕೆಯಲ್ಲಿ ಎಫ್‌ಡಿಎ, ಅಂದರೆ ಪ್ರಥಮ ದರ್ಜೆ ಸಹಾಯಕ, ಆಗಿದ್ದವನು. ಹಲವು ಮೇಯರ್‌ಗಳಿಗೆ ಆಪ್ತ ಸಹಾಯಕನಾಗಿ ಕೆಲಸ ಮಾಡಿದೆ. ಪಕ್ಷ ಬೇರೆ, ಸ್ವಭಾವ ಬೇರೆ, ಓದು ಬೇರೆ. ಎಲ್ಲರಿಗೂ ಸಿಕ್ಕಿದ್ದು ಮಾತ್ರ ಒಂದೇ ವರ್ಷ.

ಉತ್ತರ ಪ್ರದೇಶ, ಮಧ್ಯಪ್ರದೇಶದಲ್ಲಿ ಜನರೇ ನೇರವಾಗಿ ಐದು ವರ್ಷಕ್ಕೆ ಮೇಯರ್‌ನ್ನು ಆರಿಸುತ್ತಾರೆ. ಮುಂಬೈಯಲ್ಲಿ ಅವಧಿ ಎರಡೂವರೆ ವರ್ಷ. ನಮ್ಮದು 1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆ. ಅದರಲ್ಲಿ ಕಾರ್ಪೊರೇಟರ್‌ಗಳು ತಮ್ಮೊಳಗಿಂದಲೇ ಒಬ್ಬರನ್ನು ಆರಿಸುತ್ತಾರೆ. ಆ ಊರಿನ ಶಾಸಕರು, ಸಂಸದರಿಗೂ ಮತ ಇರುತ್ತದೆ. ಯಾವ ವರ್ಷ ಯಾವ ವರ್ಗಕ್ಕೆ ಮೇಯರ್ ಸ್ಥಾನ ಎಂಬ ಮೀಸಲಾತಿ ಪಟ್ಟಿಯನ್ನು ಸರ್ಕಾರ ಹೊರಡಿಸುತ್ತದೆ. ಪಟ್ಟಿ ಬಂದ ದಿನ ಪಾಲಿಕೆಯ ಕಾರಿಡಾರಿನಲ್ಲಿ ನಿಂತರೆ ಸಾಕು, ಯಾರ ಆಸೆ ಚಿಗುರಿತು, ಯಾರದು ಮುರಿಯಿತು ಎಂದು ಮುಖ ನೋಡಿಯೇ ಹೇಳಬಹುದು. ಆಮೇಲೆ ರೆಸಾರ್ಟು, ವಿಪ್ಪು, ಕೈ ಎತ್ತಿ ಮತ ಹಾಕುವುದು, ಹಾರ, ಪಟಾಕಿ. ಇದೆಲ್ಲ ಪತ್ರಿಕೆಯಲ್ಲಿ ಬರುತ್ತದೆ, ಬಿಡಿ.

ಪತ್ರಿಕೆಯಲ್ಲಿ ಬರದೇ ಇರುವುದು ಮರುದಿನದ ವಿಷಯ. ಆಡಳಿತದ ಅಧಿಕಾರ ಇರುವುದು ಸರ್ಕಾರ ನೇಮಿಸಿದ ಆಯುಕ್ತರ ಕೈಯಲ್ಲಿ. ಚೆಕ್ಕು, ಟೆಂಡರು, ವರ್ಗಾವಣೆ, ನೋಟಿಸು ಎಲ್ಲ ಅಲ್ಲಿಂದಲೇ. ಮೇಯರ್ ಒಬ್ಬ ಗುಮಾಸ್ತನನ್ನೂ ಅಮಾನತು ಮಾಡುವಂತಿಲ್ಲ. ಕಾರ್ಪೊರೇಟರ್‌ಗಳ ಪರಿಷತ್ತು ಒಮ್ಮತದಿಂದ ಮಾಡಿದ ನಿರ್ಣಯವನ್ನೂ ಸರ್ಕಾರ ರದ್ದು ಮಾಡಬಹುದು. ಇದನ್ನು ಹೊಸ ಮೇಯರ್‌ಗೆ ಹೇಳುವುದು ಹೇಗೆ? ಹಾರದ ರಾಶಿ ಇನ್ನೂ ಮೇಜಿನ ಮೇಲಿರುವಾಗ ಹೇಳಿದರೆ ಮುಖ ಸಪ್ಪಗಾಗುತ್ತದೆ. ನಾನು ಹೇಳುತ್ತಿರಲಿಲ್ಲ. ಬದಲಿಗೆ ಒಂದು ರಸ್ತೆ ಕಾಮಗಾರಿಯ ಹಳೆ ಫೈಲನ್ನು ತಂದು ಮುಂದೆ ಇಡುತ್ತಿದ್ದೆ. ಅಂದಾಜು ಪಟ್ಟಿ, ತಾಂತ್ರಿಕ ಮಂಜೂರಾತಿ, ಸ್ಥಾಯಿ ಸಮಿತಿ, ಟೆಂಡರ್, ಕಾರ್ಯಾದೇಶ, ಪ್ರತಿ ಹಾಳೆಯ ಮೇಲೂ ಒಂದೊಂದು ತಾರೀಕು. ಮೊದಲ ತಾರೀಕಿಗೂ ಕೊನೆಯ ತಾರೀಕಿಗೂ ನಡುವೆ ಎಷ್ಟು ತಿಂಗಳು ಎಂದು ಅವರೇ ಬೆರಳು ಮಡಚಿ ಎಣಿಸುತ್ತಿದ್ದರು. ‘ಅಂದ್ರೆ ನಾನು ಶುರು ಮಾಡಿದ್ದನ್ನ ಮುಂದಿನವರು ಉದ್ಘಾಟನೆ ಮಾಡ್ತಾರಾ?’ ಎಂದು ಒಬ್ಬರು ಕೇಳಿದ್ದರು. ‘ಹೌದು ಸಾರ್, ಹಿಂದಿನವರದ್ದನ್ನ ನೀವು ಮಾಡ್ತೀರಿ’ ಎಂದೆ. ನಕ್ಕರು. ಅಲ್ಲಿಂದ ಅವರ ಜೊತೆ ಕೆಲಸ ಸಲೀಸಾಯಿತು.

ಬಜೆಟ್ ಮಾರ್ಚ್ ಹೊತ್ತಿಗೆ ಮಂಡನೆಯಾಗುತ್ತದೆ. ಆಮೇಲೆ ಆಯ್ಕೆಯಾದ ಮೇಯರ್‌ಗೆ ಬೇರೆಯವರು ಬರೆದ ಬಜೆಟ್ಟೇ ಗತಿ. ಹಾಗಾಗಿ ನನ್ನ ಸಲಹೆ ಯಾವಾಗಲೂ ಒಂದೇ ಆಗಿತ್ತು: ಹೊಸ ಯೋಜನೆ ಘೋಷಿಸುವ ಮೊದಲು ನಿಂತುಹೋಗಿರುವ ಫೈಲ್ ಹುಡುಕಿ. ಹಣ ಇದ್ದು, ಮಂಜೂರಾತಿ ಸಿಕ್ಕಿ, ಯಾವುದೋ ಒಂದು ಸಹಿಗೆ ನಿಂತ ಕಾಮಗಾರಿ ಪ್ರತಿ ವಲಯದಲ್ಲೂ ಇರುತ್ತದೆ. ಅಂಥವನ್ನು ಆರಿಸಿ ನಾನೊಂದು ಪಟ್ಟಿ ಮಾಡುತ್ತಿದ್ದೆ. ಫೈಲ್ ಈಗ ಯಾರ ಮೇಜಿನ ಮೇಲಿದೆ, ಯಾವಾಗಿಂದ ಇದೆ, ಏನು ಅಡ್ಡಿ. ಅಷ್ಟೇ. ಈ ಪಟ್ಟಿ ಹಿಡಿದು ಮೇಯರ್ ಆಯುಕ್ತರ ಕೊಠಡಿಗೆ ಹೋದರೆ ಮಾತಿನ ಧಾಟಿಯೇ ಬದಲಾಗುತ್ತದೆ. ಸುಮ್ನೆ ‘ನಮ್ಮ ವಾರ್ಡಿಗೆ ಏನೂ ಆಗ್ತಿಲ್ಲ’ ಎಂದರೆ ಯಾವ ಐಎಎಸ್ ಅಧಿಕಾರಿಯೂ ಅಲುಗಾಡುವುದಿಲ್ಲ.

ಅರ್ಜಿಗಳ ವಿಷಯವೂ ಹೀಗೇ. ಅರ್ಜಿಯ ಮೂಲೆಯಲ್ಲಿ ‘ಪರಿಶೀಲಿಸಿ ಕ್ರಮ ಕೈಗೊಳ್ಳಿ’ ಎಂದು ಬರೆದರೆ ಅರ್ಜಿದಾರ ಖುಷಿಯಿಂದ ಹೋಗುತ್ತಾನೆ, ಅರ್ಜಿ ಅಲ್ಲೇ ಮಲಗುತ್ತದೆ. ಯಾವ ಅಧಿಕಾರಿ, ಯಾವ ದಿನದೊಳಗೆ ವರದಿ ಕೊಡಬೇಕು, ಎರಡನ್ನೂ ಬರೆಸುತ್ತಿದ್ದೆ. ಬರೆದದ್ದನ್ನು ರಿಜಿಸ್ಟರಿಗೆ ಏರಿಸಿ, ಆ ದಿನ ಬಂದಾಗ ಫೋನ್ ಮಾಡುತ್ತಿದ್ದೆ. ಎಂಜಿನಿಯರ್‌ಗಳಿಗೆ ನನ್ನ ಮೇಲೆ ಸಿಟ್ಟು. ಇರಲಿ.

ಮೇಯರ್‌ಗೆ ನಿಜವಾದ ಬಲ ಇರುವ ಜಾಗ ಒಂದೇ, ಸಾಮಾನ್ಯ ಸಭೆಯ ಪೀಠ. ಅಲ್ಲಿ ಆಯುಕ್ತರೂ ಉತ್ತರ ಕೊಡಬೇಕು. ಆದರೆ ಗಲಾಟೆಯಲ್ಲಿ ಕೂಗಿ ಹೇಳಿದ್ದು ನಡಾವಳಿಗೆ ಬರುವುದಿಲ್ಲ. ಒಮ್ಮೆ ಶೂನ್ಯ ವೇಳೆಯಲ್ಲಿ ಒಬ್ಬ ಸದಸ್ಯರು ತಮ್ಮ ಬೀದಿಯ ನಲ್ಲಿ ನೀರನ್ನು ಬಾಟಲಿಯಲ್ಲಿ ತುಂಬಿ ತಂದು ಪೀಠದ ಮೇಲೆ ಕುಕ್ಕಿದರು. ಚಹಾದ ಬಣ್ಣ. ಮುಚ್ಚಳ ತೆಗೆದರೆ ಮೊದಲ ಸಾಲಿನವರು ಮೂಗು ಮುಚ್ಚಿಕೊಂಡರು. ವಿರೋಧ ಪಕ್ಷದವರು ಪೀಠದ ಮುಂದಿನ ಅಂಗಳಕ್ಕೆ, ಅಂದರೆ ಸದನದ ‘ಬಾವಿ’ಗೆ ಇಳಿದರು, ಧಿಕ್ಕಾರ ಶುರುವಾಯಿತು. ಆಗಿದ್ದವರು ಮಹಿಳಾ ಮೇಯರ್, ಮೊದಲ ಬಾರಿ ಗೆದ್ದು ಬಂದವರು. ಅವರು ಸಭೆ ಮುಂದೂಡಲಿಲ್ಲ. ಬಾಟಲಿಯನ್ನು ಜವಾನನ ಕೈಯಲ್ಲಿ ನೀರು ಸರಬರಾಜು ಎಂಜಿನಿಯರ್ ಮೇಜಿಗೆ ಕಳಿಸಿದರು. ‘ನೀವೇ ನೋಡಿ ಹೇಳಿ’ ಎಂದರು. ಸದನ ತಣ್ಣಗಾಯಿತು. ಎಂಜಿನಿಯರ್ ಎದ್ದು ನಿಂತು ಕಾರಣ ಹೇಳಿದರು: ಯುಜಿಡಿ (ಒಳಚರಂಡಿ) ಕೊಳವೆಯೂ ಕುಡಿಯುವ ನೀರಿನ ಕೊಳವೆಯೂ ಅಕ್ಕಪಕ್ಕ ಹೋಗಿವೆ, ಎರಡೂ ಹಳೆಯವು. ನೀರು ದಿನವಿಡೀ ಬಿಡುವುದಿಲ್ಲವಲ್ಲ, ನಿಲ್ಲಿಸಿದಾಗ ಕೊಳವೆಯಲ್ಲಿ ಒತ್ತಡ ಇಳಿಯುತ್ತದೆ, ಬಿರುಕಿನಿಂದ ಹೊಲಸು ಒಳಗೆ ಸೇರುತ್ತದೆ. ಮೇಡಂ ನಿಧಾನವಾಗಿ, ಪರಿಷತ್ ಕಾರ್ಯದರ್ಶಿಗೆ ಬರೆದುಕೊಳ್ಳಲು ಆಗುವಷ್ಟು ನಿಧಾನವಾಗಿ, ರೂಲಿಂಗ್ ಕೊಟ್ಟರು. ಕೊಳವೆ ಸರಿಯಾಗುವವರೆಗೆ ಆ ಬೀದಿಗೆ ಟ್ಯಾಂಕರ್, ಮುಂದಿನ ಸಭೆಗೆ ಲಿಖಿತ ವರದಿ. ಹೀಗೆ ಮಾತಾಡುವುದನ್ನು ಹಿಂದಿನ ದಿನ ಅವರ ಕೊಠಡಿಯಲ್ಲಿ ನಾವು ಅಭ್ಯಾಸ ಮಾಡಿದ್ದೆವು. ಬಾಟಲಿ ಬರುವ ಸುದ್ದಿ ನನಗೆ ಮೊದಲೇ ಸಿಕ್ಕಿತ್ತು. ಪಿಎ ಆದವನಿಗೆ ಅಷ್ಟೂ ಗೊತ್ತಿರದಿದ್ದರೆ ಹೇಗೆ, ಅಲ್ವಾ?

ಇದೇ ಮೇಡಂ ಬೆಳಿಗ್ಗೆ ಯಾರಿಗೂ ಹೇಳದೆ ಪೌರಕಾರ್ಮಿಕರ ಹಾಜರಾತಿ ನಡೆಯುವ ಜಾಗಕ್ಕೆ ಹೋಗಿ ನಿಲ್ಲುತ್ತಿದ್ದರು. ಭಾಷಣ ಇಲ್ಲ. ಕೈಗವಸು ಯಾಕೆ ಹಾಕಿಲ್ಲ ಎಂದು ಒಬ್ಬಾಕೆಯನ್ನು ಕೇಳಿದರು. ಆಕೆ ಸೊಂಟದಿಂದ ಗವಸು ತೆಗೆದು ಹಾಕಿ ತೋರಿಸಿದಳು. ಬೆರಳ ತುದಿಯಾಚೆಗೂ ಗವಸು ಜೋತುಬಿದ್ದಿತ್ತು. ಎಲ್ಲರಿಗೂ ಒಂದೇ ಅಳತೆ ತರಿಸಿದ್ದರು, ಪೊರಕೆ ಹಿಡಿದರೆ ಜಾರುತ್ತಿತ್ತು. ಮುಂದಿನ ಖರೀದಿಯ ಫೈಲಿನಲ್ಲಿ ಮೂರು ಅಳತೆ ಎಂದು ಸೇರಿಸಿದ್ದು ಆ ವರ್ಷದ ಅವರ ಕೆಲಸಗಳಲ್ಲಿ ನನಗೆ ತುಂಬಾ ಹಿಡಿಸಿದ್ದು. ಇದಕ್ಕೆ ನಾಮಫಲಕ ಇಲ್ಲ, ಶಂಕುಸ್ಥಾಪನೆ ಇಲ್ಲ.

ಗೌನಿನ ಬಗ್ಗೆ ಒಂದು ಮಾತು. ಸಭೆಗೆ ಮೇಯರ್ ಗೌನು, ಸರ ಹಾಕಿಕೊಂಡು ಬರುವ ರೂಢಿ ಬ್ರಿಟಿಷರ ಕಾಲದ್ದು. ನಮ್ಮಲ್ಲಿ ಎತ್ತರದವರಿಗೂ ಕುಳ್ಳಗಿನವರಿಗೂ ಒಂದೇ ಗೌನು. ಅಂಚು ಮಡಚಿ ಪಿನ್ ಹಾಕುವುದೂ ನನ್ನ ಪಾಲಿಗೇ. ಬೇಸಿಗೆಯಲ್ಲಿ ಅದನ್ನು ಹೊತ್ತುಕೊಂಡು ಕೂರುವುದು ಶಿಕ್ಷೆಯೇ. ತೆಗೆದುಹಾಕಬೇಕು ಎನ್ನುವವರಿದ್ದಾರೆ. ನನಗೆ ಅದರ ಬಗ್ಗೆ ತಕರಾರಿಲ್ಲ, ಆದರೆ ಗೌನು ಹಾಕಿದ ಕೂಡಲೇ ಪೀಠದಲ್ಲಿ ಕೂತವರ ದನಿ ಗಟ್ಟಿಯಾಗುವುದನ್ನು ನೋಡಿದ್ದೇನೆ.

ಕೊನೆಯ ಎರಡು ತಿಂಗಳು ಕಷ್ಟ. ಅಧಿಕಾರಿಗಳು ಫೋನ್ ತಡವಾಗಿ ಎತ್ತುತ್ತಾರೆ. ಮುಂದಿನ ಆಕಾಂಕ್ಷಿಯ ಸುತ್ತ ಆಗಲೇ ಜನ ಜಾಸ್ತಿ. ಆ ಹೊತ್ತಿಗೆ ನಾನು ಹೊಸ ಕಾರ್ಯಕ್ರಮ ಒಪ್ಪಿಕೊಳ್ಳುವುದನ್ನು ಕಡಿಮೆ ಮಾಡಿ, ಪಟ್ಟಿಯಲ್ಲಿ ಉಳಿದ ಫೈಲ್‌ಗಳ ಹಿಂದೆ ಓಡುತ್ತಿದ್ದೆ. ಅವಧಿ ಮುಗಿದ ದಿನ ಪಟ್ಟಿಯ ಒಂದು ಪ್ರತಿಯನ್ನು ಮೇಯರ್ ಕೈಗೇ ಕೊಡುತ್ತಿದ್ದೆ. ಮಾಜಿಯಾದರೂ ಅವರು ಕಾರ್ಪೊರೇಟರ್ ಆಗಿ ಅದೇ ಸಭಾಂಗಣದಲ್ಲಿ ಕೂರುತ್ತಾರೆ. ಬುದ್ಧಿವಂತರು ಮುಂದಿನ ಶೂನ್ಯ ವೇಳೆಯಲ್ಲಿ ಅದೇ ಹಾಳೆ ಹಿಡಿದು ಎದ್ದು ನಿಂತು, ಯಾವ ಫೈಲ್ ಎಲ್ಲಿದೆ ಎಂದು ತಾರೀಕು ಸಮೇತ ಕೇಳುತ್ತಾರೆ. ಹೊಸ ಮೇಯರ್ ಪೀಠದಿಂದ ನನ್ನ ಕಡೆ ತಿರುಗಿ ನೋಡುತ್ತಾರೆ. ಅವರಿಗೂ ಒಂದು ಪ್ರತಿ ಮೊದಲೇ ಕೊಟ್ಟಿರುತ್ತೇನೆ.