ಹುಟ್ಟಿನಿಂದ ನರರೋಗದ ಜೀನ್ ಇರೋ ಮಗುಗೆ ಜ್ವರ ಬಂದ್ರೆ ಏನ್ ಮಾಡ್ಬೇಕು

ನಮ್ಮಕ್ಕನ ಮಗ ನಾಲ್ಕು ವರ್ಷದ ತನಕ ಮನೆ ತುಂಬ ಓಡಾಡ್ಕೊಂಡಿದ್ದ. ಒಂದ್ಸಲ ಎಲ್ರಿಗೂ ನೆಗಡಿ ಜ್ವರ ಬಂತು, ನಮಗೆ ಮೂರ್ ದಿನಕ್ಕೆ ಬಿಡ್ತು, ಅವನು ಮಾತ್ರ ಎದ್ದು ನಿಲ್ಲೋಕೆ ಹೋದ್ರೆ ತೂರಾಡ್ತಿದ್ದ. ಎಂಆರ್‌ಐ, ಜೀನ್ ಟೆಸ್ಟ್ ಎಲ್ಲಾ ಆದ್ಮೇಲೆ ಗೊತ್ತಾಗಿದ್ದು, ವ್ಯಾನಿಶಿಂಗ್ ವೈಟ್ ಮ್ಯಾಟರ್ ಅಂತ, ಮೆದುಳಿನ ಬಿಳಿ ಭಾಗ ಸವೆದು ಹೋಗೋ ವಂಶದ ಕಾಯಿಲೆ.

ವೈರಸ್ಸು ಈ ಕಾಯಿಲೆ ತರಲ್ಲ, ಮಲಗಿರೋದನ್ನ ಎಬ್ಬಿಸುತ್ತೆ ಅಷ್ಟೆ. ಜ್ವರ ಬಂದಾಗ ಜೀವಕೋಶಗಳು ಪ್ರೋಟೀನ್ ತಯಾರಿಸೋದನ್ನ ಸ್ವಲ್ಪ ಕಮ್ಮಿ ಮಾಡ್ತವೆ, ಅದನ್ನ ಕಂಟ್ರೋಲ್ ಮಾಡೋ ಇಐಎಫ್2ಬಿ ಅನ್ನೋ ಪ್ರೋಟೀನು ಈ ಮಕ್ಕಳಲ್ಲಿ ಮೊದಲೇ ವೀಕು, ಹಾಗಾಗಿ ಮೆದುಳಿನ ಬಿಳಿ ಭಾಗ ತಡ್ಕೊಳ್ಳಲ್ಲ. ಅಪ್ಪ ಅಮ್ಮ ಇಬ್ಬರಿಂದಲೂ ಕೆಟ್ಟ ಜೀನ್ ಬಂದ್ರೆ ಮಾತ್ರ ಬರೋದು, ಪ್ರತಿ ಬಸಿರಲ್ಲೂ 25% ಚಾನ್ಸು. ನಮ್ ಕಡೆ ಸೋದರಮಾವನಿಗೇ ಕೊಡೋದಲ್ವಾ, ಒಂದೇ ಕೆಟ್ಟ ಜೀನ್ ಎರಡೂ ಕಡೆಯಿಂದ ಬಂದು ಸೇರೋದು ಅಲ್ಲೇ ಜಾಸ್ತಿ. ಜೀವಕೋಶಗಳಿಗೆ ಶಕ್ತಿ ಸಾಲದೆ ಮೆದುಳು ಕೆಡೋ ಲೀ ಸಿಂಡ್ರೋಮ್ ಅನ್ನೋ ಇನ್ನೊಂದು ವಂಶದ ಕಾಯಿಲೆ ಕೂಡ ಎಷ್ಟೋ ಸಲ ಹೀಗೇ ಒಂದು ಜ್ವರದ ಜೊತೆ ಕಾಣಿಸ್ಕೊಳ್ಳುತ್ತೆ. ಹಾಗಂತ ವಂಶದಲ್ಲಿ ಬರೋ ಎಲ್ಲಾ ನರರೋಗನೂ ಜ್ವರಕ್ಕೆ ಕಾಯ್ತಾ ಕೂತಿರಲ್ಲ, ನಿಮ್ಮ ಮಗುದು ಯಾವ್ದು ಅಂತ ನರರೋಗದ ಡಾಕ್ಟ್ರನ್ನ ಕೇಳ್ಕೊಳ್ಳಿ.

ಮೊದಲ ಕೆಲಸ, ಮಗು ತೂಕ ನೋಡಿ ಫ್ರಿಡ್ಜ್ ಬಾಗಿಲಿಗೆ ಬರೆದು ಅಂಟಿಸಿ, ಎರಡ್ ತಿಂಗಳಿಗೊಮ್ಮೆ ಬದಲಾಯಿಸಿ. ಪ್ಯಾರಾಸಿಟಮಾಲ್ ಲೆಕ್ಕ ಕೆಜಿಗೆ 15 ಮಿಗ್ರಾಂ, ಅಂದ್ರೆ 12 ಕೆಜಿ ಮಗುಗೆ 180. ಎಡವೋದು ಇಲ್ಲೇ ನೋಡಿ, ಒಂದು ಬಾಟ್ಲಲ್ಲಿ 5 ಎಂಎಲ್‌ಗೆ 120 ಇರುತ್ತೆ, ಇನ್ನೊಂದರಲ್ಲಿ 250. ಮೊದಲನೇದರಲ್ಲಿ ಏಳೂವರೆ ಎಂಎಲ್ ಸರಿ, ಎರಡನೇದರಲ್ಲಿ ಅಷ್ಟೇ ಹಾಕಿದ್ರೆ ಡಬಲ್ಲು! ಅಕ್ಕ 250ರ ಬಾಟ್ಲನ್ನ ಮನೆ ಒಳಗೇ ಸೇರಿಸಲ್ಲ. ಡೋಸ್ ಮಧ್ಯೆ ಕಮ್ಮಿ ಅಂದ್ರೂ ನಾಲ್ಕು ಗಂಟೆ ಬಿಡಿ, ದಿನಕ್ಕೆ ನಾಲ್ಕು ಸಲ ದಾಟ್ಬೇಡಿ. ಆಸ್ಪಿರಿನ್ ಬೇಡವೇ ಬೇಡ, ಡೆಂಗ್ಯೂ ಇರ್ಬೋದು ಅನ್ನೋ ಸೀಸನ್ನಲ್ಲಿ ಐಬುಪ್ರೊಫೆನ್ ಕೂಡ ಬೇಡ.

ಬೇರೆಯವ್ರಿಗಾದ್ರೆ "ನಾಳೆ ನೋಡೋಣ" ಅನ್ಬೋದು, ಇಲ್ಲಿ ಜ್ವರ ಅಂತ ಗೊತ್ತಾದ ತಕ್ಷಣ ಡಾಕ್ಟ್ರಿಗೆ ಫೋನ್ ಮಾಡಿ. ಗಂಜಿ, ಎಳನೀರು ಏನೋ ಒಂದು ಗುಟುಕು ಗುಟುಕಾಗಿ ಹೋಗ್ತಿರ್ಲಿ, ಲೀ ಸಿಂಡ್ರೋಮ್ ಇದ್ರಂತೂ ಹಸಿದು ಮಲಗೋಕೆ ಬಿಡ್ಲೇಬೇಡಿ. ವಾಂತಿ ನಿಲ್ಲಲ್ಲ, ಎಬ್ಬಿಸಿದ್ರೂ ಮಂಪರು, ನಡಿಗೆ ತಪ್ತಿದೆ, ಫಿಟ್ಸ್ ಬಂತು ಅಂದ್ರೆ ಸೀದಾ ಎಮರ್ಜೆನ್ಸಿಗೆ ನಡೀರಿ.

ಅಲ್ಲಿ ರಾತ್ರಿ ಡ್ಯೂಟಿ ಡಾಕ್ಟ್ರು ಈ ಹೆಸರೇ ಕೇಳಿರಲ್ಲ, "ವೈರಲ್ ಅಮ್ಮಾ, ಮನೆಗೆ ಹೋಗಿ" ಅಂತ ನಮ್ಮನ್ನೂ ಕಳ್ಸಿದ್ರು. ಅದಕ್ಕೇ ನಿಮ್ಮ ಡಾಕ್ಟ್ರ ಕೈಲಿ ಒಂದು ಲೆಟರ್ ಬರೆಸಿ ಇಟ್ಕೊಳ್ಳಿ: ಕಾಯಿಲೆ ಹೆಸರು, ಯಾವ ಜೀನು, ಯಾರಿಗೆ ಫೋನ್ ಮಾಡ್ಬೇಕು, ಯಾವ ಔಷಧಿ ಕೊಡ್ಬಾರ್ದು. ಪಿಒಎಲ್‌ಜಿ ಅನ್ನೋ ಇನ್ನೊಂದು ಜೀನ್ ತೊಂದ್ರೆ ಇರೋರಿಗೆ ಫಿಟ್ಸ್ ಅಂತ ವಾಲ್‌ಪ್ರೊಯೇಟ್ ಕೊಟ್ಟುಬಿಟ್ರೆ ಲಿವರ್ರೇ ಹೋಗ್ಬೋದು.

ಲಸಿಕೆಗೆ ಹೆದರಿ ಬಿಡ್ಬೇಡಿ, ಫ್ಲೂದು ವರ್ಷ ವರ್ಷ ಹಾಕ್ಸಿ, ಮನೆಯವರೂ ಹಾಕಿಸ್ಕೊಳ್ಳಿ, ಸೂಜಿ ಆದ್ಮೇಲೆ ಬರೋ ಜ್ವರಕ್ಕೆ ಏನ್ ಕೊಡೋದು ಅಂತ ಮೊದ್ಲೇ ಕೇಳಿ ಇಟ್ಕೊಳ್ಳಿ. ಇನ್ನೊಂದು ಮರೆತಿದ್ದೆ, ವ್ಯಾನಿಶಿಂಗ್ ವೈಟ್ ಮ್ಯಾಟರ್‌ನಲ್ಲಿ ತಲೆಗೆ ಸಣ್ಣ ಪೆಟ್ಟು ಬಿದ್ರೂ ಜ್ವರದಷ್ಟೇ ಅಪಾಯ, ನಮ್ಮನೇಲಿ ಟೀಪಾಯ್ ಮೂಲೆಗೆಲ್ಲ ಸ್ಪಂಜ್ ಸುತ್ತಿದೀವಿ.