ಕರೆಂಟ್ ಬಿಲ್ಲಿನ ಹಿಂದೆಯೇ ಬರುವ ಕರೆಗಳು: ನಂಬರ್ ಎಲ್ಲಿ ಸಿಕ್ಕಿತು, ತಡೆಯುವುದು ಹೇಗೆ?

ಬೆಂಗಳೂರಿನ ಮೂರಂತಸ್ತಿನ ಬಾಡಿಗೆ ಕಟ್ಟಡಗಳಲ್ಲಿ ಮೀಟರ್‌ಗಳೆಲ್ಲ ಕೆಳಗೆ, ಗಾಡಿ ನಿಲ್ಲಿಸುವ ಜಾಗದ ಗೋಡೆಯ ಮೇಲೆ ಸಾಲಾಗಿರುತ್ತವೆ. ಮೀಟರ್ ರೀಡರ್ ಬಂದು, ಕೈಯಲ್ಲಿನ ಯಂತ್ರದಿಂದ ಬಿಲ್ ಹರಿದು, ಆರು ಮನೆಯದನ್ನೂ ಮೀಟರ್ ಬಾಕ್ಸಿನ ಸಂದಿಗೆ ಸಿಕ್ಕಿಸಿ ಹೋಗುತ್ತಾರೆ. ಮನೆಯವರು ಸಂಜೆ ಕೆಲಸ ಮುಗಿಸಿ ಬಂದು ಎತ್ತಿಕೊಳ್ಳುವವರೆಗೆ ಅವು ಅಲ್ಲೇ ಇರುತ್ತವೆ. ಅಷ್ಟರಲ್ಲಿ ಆ ಗೇಟಿನೊಳಗೆ ಯಾರು ಬಂದು ಹೋದರು ಎಂಬ ಲೆಕ್ಕ ಯಾರ ಹತ್ತಿರವೂ ಇರುವುದಿಲ್ಲ.

ಆ ಉದ್ದನೆಯ ಚೀಟಿಯಲ್ಲಿ ಏನೇನಿದೆ ಎಂದು ಒಮ್ಮೆ ನೋಡಿ. ಗ್ರಾಹಕರ ಹೆಸರು, ವಿಳಾಸ, ಆರ್.ಆರ್. ನಂಬರ್, 10 ಅಂಕಿಗಳ ಖಾತೆ ಸಂಖ್ಯೆ, ಮಂಜೂರಾದ ಲೋಡ್, ಹಿಂದಿನ ಮತ್ತು ಇಂದಿನ ರೀಡಿಂಗ್, ಬಳಸಿದ ಯೂನಿಟ್, ಬಾಕಿ, ಕೊನೆಯ ದಿನಾಂಕ. 5 ಕಿಲೋವಾಟ್ ಲೋಡ್, ತಿಂಗಳಿಗೆ 400 ಯೂನಿಟ್ ಎಂದರೆ ಆ ಮನೆಯಲ್ಲಿ ಎ.ಸಿ. ಇದೆ, ಗೀಸರ್ ಇದೆ, ಸೋಲಾರ್ ಮಾರಲು ಒಳ್ಳೆಯ ಗಿರಾಕಿ ಎಂದು ಮಾರಾಟಗಾರನಿಗೆ ಕೂಡಲೇ ತಿಳಿಯುತ್ತದೆ. ಆದರೆ ಮುದ್ರಿತ ಬಿಲ್ಲಿನಲ್ಲಿ ಸಾಮಾನ್ಯವಾಗಿ ನಿಮ್ಮ ಫೋನ್ ನಂಬರ್ ಇರುವುದಿಲ್ಲ. ಹಾಗಾದರೆ ಕರೆ ಹೇಗೆ ಬರುತ್ತದೆ? ಬಿಲ್ಲಿನ ವಿವರ ಒಂದು ಕಡೆಯಿಂದ, ಫೋನ್ ನಂಬರ್ ಇನ್ನೊಂದು ಕಡೆಯಿಂದ ಬಂದು ಎಲ್ಲೋ ಒಂದೆಡೆ ಕೂಡಿಕೊಳ್ಳುತ್ತವೆ. ಕೆಳಗಿನ ಹೆಜ್ಜೆಗಳೆಲ್ಲ ಇರುವುದು ಆ ಎರಡೂ ಕೂಡದಂತೆ ನೋಡಿಕೊಳ್ಳಲು.

ಎರಡೂ ಕೂಡುವ ಜಾಗಗಳು

ಮೊದಲನೆಯದು ನಾವೇ ಕಳಿಸುವ ಫೋಟೊ. ಬಾಡಿಗೆ ಕರಾರಿಗೆ, ಗ್ಯಾಸ್ ಸಂಪರ್ಕಕ್ಕೆ, ಇಂಟರ್ನೆಟ್ ಹಾಕಿಸಲು, ಮಗುವಿನ ಶಾಲೆಯ ಅರ್ಜಿಗೆ, ಎಲ್ಲದಕ್ಕೂ 'ಕರೆಂಟ್ ಬಿಲ್ ವಾಟ್ಸ್ಆ್ಯಪ್ ಮಾಡಿ ಸಾರ್' ಎನ್ನುತ್ತಾರೆ. ಕಳಿಸಿದ ಕೂಡಲೇ ಬಿಲ್ಲೂ ನಂಬರೂ ಒಂದೇ ಫೋನಿನಲ್ಲಿ ಜೊತೆಯಾದವು. ಬ್ರೋಕರ್‌ನ ಫೋನಿನಲ್ಲಿ ಇಂಥ ನೂರಾರು ಫೋಟೊಗಳು ವರ್ಷಗಟ್ಟಲೆ ಉಳಿಯುತ್ತವೆ. ಅದರಲ್ಲಿ ದುರುದ್ದೇಶವೇ ಇರಬೇಕೆಂದಿಲ್ಲ, ಅಳಿಸುವ ಅಭ್ಯಾಸ ಇಲ್ಲ ಅಷ್ಟೆ.

ಎರಡನೆಯದು ಬಿಲ್ ಕಟ್ಟುವ ಆ್ಯಪ್‌ಗಳು. ಇವು ಭಾರತ್ ಬಿಲ್ ಪೇಮೆಂಟ್ ವ್ಯವಸ್ಥೆಯ ಮೂಲಕ ಕೆಲಸ ಮಾಡುತ್ತವೆ. ಈಗ ಅದರ ಹೆಸರು ಭಾರತ್ ಕನೆಕ್ಟ್. ಖಾತೆ ಸಂಖ್ಯೆ ಹಾಕಿದರೆ ಗ್ರಾಹಕರ ಹೆಸರು, ಕಟ್ಟಬೇಕಾದ ಮೊತ್ತ, ಕೊನೆಯ ದಿನ ತೆರೆಯ ಮೇಲೆ ಬರುತ್ತವೆ. ಹಾಕಿದವರು ಆ ಮನೆಯವರೇ ಆಗಿರಬೇಕಿಲ್ಲ. ಊರಿನಲ್ಲಿರುವ ಅಪ್ಪ ಅಮ್ಮನ ಬಿಲ್ ಮಗಳು ಇಲ್ಲಿಂದಲೇ ಕಟ್ಟಲಿ ಎಂದು ಮಾಡಿಟ್ಟ ಅನುಕೂಲ ಇದು, ಮುಚ್ಚಲಾಗದು. 'ನಿಮ್ಮ ಹೆಸರು ಇಂಥದ್ದು, ಬಿಲ್ 1,437 ರೂಪಾಯಿ, ಸರಿಯಲ್ಲವಾ?' ಎಂದು ಕರೆ ಮಾಡಿದವನು ಕೇಳಿದರೆ, ಅವನು ಕಚೇರಿಯವನೇ ಎಂದು ನಂಬಬೇಡಿ. ಖಾತೆ ಸಂಖ್ಯೆ ಸಿಕ್ಕ ಯಾರಿಗಾದರೂ ಆ ಎರಡೂ ಗೊತ್ತಾಗುತ್ತವೆ.

ಮೂರನೆಯದು ಎಸ್‌ಎಂಎಸ್ ಅನುಮತಿ. ಮೆಸೇಜ್ ಓದಲು ಬಿಟ್ಟ ಆ್ಯಪ್‌ಗೆ ಕರೆಂಟ್, ನೀರು, ಗ್ಯಾಸ್, ಕಾರ್ಡ್ ಎಲ್ಲ ಬಿಲ್ಲುಗಳೂ ಗೊತ್ತು. ಸೋಲಾರ್ ಉಳಿತಾಯ ಲೆಕ್ಕ ಹಾಕಿಕೊಡುವ ಜಾಲತಾಣಗಳು ನಾಲ್ಕನೆಯವು. 'ನಿಮ್ಮ ತಿಂಗಳ ಬಿಲ್ ಎಷ್ಟು?' ಎಂದು ಕೇಳಿ, ಉತ್ತರ ತೋರಿಸುವ ಮೊದಲು ಮೊಬೈಲ್ ನಂಬರ್ ಕೇಳುತ್ತವೆ. ಆ ಪುಟದಲ್ಲಿ ನಿಮ್ಮ ನಂಬರ್ ಇಲ್ಲದೆಯೂ ಲೆಕ್ಕ ಹಾಕಬಹುದು. ನಂಬರ್ ಬೇಕಿರುವುದು ಮಾರಾಟದವರಿಗೆ.

ಮೊದಲು ಬಿಲ್ ನೀವೇ ಲೆಕ್ಕ ಹಾಕಿ

ಇದಕ್ಕೂ ವೈಯಕ್ತಿಕ ಮಾಹಿತಿಗೂ ಏನು ಸಂಬಂಧ ಎನ್ನಬೇಡಿ. 'ನಿಮ್ಮ ಬಿಲ್ಲಿನಲ್ಲಿ ವ್ಯತ್ಯಾಸ ಇದೆ' ಎಂಬ ಮಾತಿಗೆ ಬೀಳುವವರು ಬಿಲ್ ಓದಲು ಬಾರದವರೇ.

2025-26ರ ಗೃಹಬಳಕೆ ದರವನ್ನೇ ತೆಗೆದುಕೊಳ್ಳಿ: ನಿಗದಿತ ಶುಲ್ಕ ಕಿಲೋವಾಟ್‌ಗೆ 145 ರೂಪಾಯಿ, ಯೂನಿಟ್‌ಗೆ 5.80 ರೂಪಾಯಿ, ನೌಕರರ ಪಿಂಚಣಿ ಮತ್ತು ಗ್ರಾಚ್ಯುಯಿಟಿ ಬಾಬ್ತು ಯೂನಿಟ್‌ಗೆ 36 ಪೈಸೆ. 3 ಕಿಲೋವಾಟ್ ಲೋಡಿನ ಮನೆ 150 ಯೂನಿಟ್ ಬಳಸಿದರೆ ನಿಗದಿತ ಶುಲ್ಕ 435, ವಿದ್ಯುತ್ ಶುಲ್ಕ 870, ಪಿಂಚಣಿ ಬಾಬ್ತು 54, ವಿದ್ಯುತ್ ಶುಲ್ಕದ ಮೇಲೆ 9% ತೆರಿಗೆ 78.30. ಒಟ್ಟು 1,437.30 ರೂಪಾಯಿ. ಇದರ ಮೇಲೆ ಇಂಧನ ಹೊಂದಾಣಿಕೆ ಶುಲ್ಕ ತಿಂಗಳಿಂದ ತಿಂಗಳಿಗೆ ಏರಿಳಿಯುತ್ತದೆ. ದರ ವರ್ಷಕ್ಕೊಮ್ಮೆ ಬದಲಾಗುವುದರಿಂದ ಲೆಕ್ಕಕ್ಕೆ ಕೂರುವ ಮೊದಲು ಆ ವರ್ಷದ ದರ ನೋಡಿಕೊಳ್ಳಿ, ವಿಧಾನ ಇದೇ.

ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ ಇದ್ದರೆ ಇನ್ನೊಂದು ಹಂತ. 2022-23ರ ಸರಾಸರಿ ಬಳಕೆ 100 ಯೂನಿಟ್ ಇದ್ದ ಮನೆಗೆ 10% ಸೇರಿಸಿ 110 ಯೂನಿಟ್ ಉಚಿತ. ಮೀರಿದ್ದಕ್ಕೆ ದುಡ್ಡು ಕಟ್ಟಬೇಕು. 200 ದಾಟಿದ ತಿಂಗಳು ಪೂರ್ತಿ ಬಿಲ್ ನಿಮ್ಮದೇ. 'ಸೊನ್ನೆ ಬರುತ್ತಿದ್ದ ಬಿಲ್ ಈ ಸಲ ಸಾವಿರ ದಾಟಿದೆ' ಎಂಬ ಗಾಬರಿಗೆ ಬಹಳ ಸಲ ಬೇಸಿಗೆಯ ಫ್ಯಾನು, ಕೂಲರ್‌ಗಳೇ ಕಾರಣ.

ಇನ್ನು ಹೆಚ್ಚುವರಿ ಭದ್ರತಾ ಠೇವಣಿ. ಎರಡು ತಿಂಗಳ ಸರಾಸರಿ ಬಿಲ್ಲಿನಷ್ಟು ಠೇವಣಿ ಇರಬೇಕೆಂಬುದು ನಿಯಮ. ಬಳಕೆ ಹೆಚ್ಚಿದರೆ ವ್ಯತ್ಯಾಸ ಕೇಳುತ್ತಾರೆ. ವಂಚಕರು ಹಿಡಿದುಕೊಂಡಿರುವ ನೆಪಗಳಲ್ಲಿ ಇದೂ ಒಂದು, ಏಕೆಂದರೆ ಬೇಡಿಕೆ ನಿಜವಾಗಿಯೂ ಬರುವಂಥದ್ದು. ಫೋನಿನಲ್ಲಿ ಯಾರು ಏನೇ ಹೇಳಲಿ, ವಿದ್ಯುತ್ ಕಂಪನಿಯ ಜಾಲತಾಣದಲ್ಲಿ ನಿಮ್ಮ ಖಾತೆ ತೆರೆದು ಆ ಮೊತ್ತ ಅಲ್ಲಿ ಕಾಣುತ್ತದೆಯೇ ನೋಡಿ, ಇಲ್ಲವೇ ವಿದ್ಯುತ್ ಸಹಾಯವಾಣಿ 1912ಕ್ಕೆ ನೀವೇ ಕರೆ ಮಾಡಿ. ನೀರಿನ ಬಿಲ್ಲಿನ ಸಂಶಯಕ್ಕೆ ಜಲಮಂಡಳಿಯ 1916.

ಮನೆ ಬದಲಿಸುವಾಗ ಮಾಡಬೇಕಾದ್ದು

ಎಲ್ಲಕ್ಕಿಂತ ಹೆಚ್ಚು ಎಡವಟ್ಟಾಗುವುದು ಇಲ್ಲಿ. ಬೆಂಗಳೂರಿನಲ್ಲಿ ಮೀಟರ್ ಮಾಲೀಕರ ಹೆಸರಿನಲ್ಲಿ, ಕಟ್ಟುವವರು ಬಾಡಿಗೆಯವರು. ಒಳಗೆ ಬಂದ ದಿನ ಬಾಡಿಗೆಯವರು ತಮ್ಮ ಮೊಬೈಲ್ ನಂಬರ್ ಜೋಡಿಸುತ್ತಾರೆ, ಗೃಹಜ್ಯೋತಿಗಾಗಿ ಆಧಾರ್ ಜೋಡಿಸುತ್ತಾರೆ. ಖಾಲಿ ಮಾಡುವ ದಿನ ಗಮನವೆಲ್ಲ ಅಡ್ವಾನ್ಸಿನಲ್ಲಿ ಸುಣ್ಣಬಣ್ಣಕ್ಕೆ ಎಷ್ಟು ಹಿಡಿಯುತ್ತಾರೆ ಎಂಬುದರ ಮೇಲೆ. ನಂಬರ್ ಅಲ್ಲೇ ಉಳಿಯುತ್ತದೆ. ಹೊಸಬರ ಬಿಲ್ ಮೆಸೇಜ್ ಹಳಬರಿಗೆ ಹೋಗುತ್ತದೆ. ಹಳಬರ ಆಧಾರ್ ಆ ಖಾತೆಗೆ ಅಂಟಿಕೊಂಡಿರುವುದರಿಂದ ಅವರಿಗೆ ಹೊಸ ಮನೆಯಲ್ಲಿ ಯೋಜನೆ ಸಿಗುವುದಿಲ್ಲ.

ಆದ್ದರಿಂದ ಖಾಲಿ ಮಾಡುವ ವಾರ ಸೇವಾಸಿಂಧು ಜಾಲತಾಣದಲ್ಲಿ ಗೃಹಜ್ಯೋತಿಯ ಡಿ-ಲಿಂಕ್ ಆಯ್ಕೆಗೆ ಹೋಗಿ, ಆಧಾರ್ ಸಂಖ್ಯೆ ಕೊಟ್ಟು, ಒಟಿಪಿ ಹಾಕಿ ಹಳೆಯ ಖಾತೆಯಿಂದ ಬಿಡಿಸಿಕೊಳ್ಳಿ. ಹೊಸ ಮನೆಯ ಖಾತೆ ಸಂಖ್ಯೆಗೆ ಅದರ ನಂತರ ಅರ್ಜಿ ಹಾಕಿ. ಮೊದಲೇ ಹಾಕಿದರೆ ಈಗಾಗಲೇ ಜೋಡಣೆಯಾಗಿದೆ ಎಂದು ಬರುತ್ತದೆ. ಒಟಿಪಿ ಬರುವುದು ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ, ಆ ಸಿಮ್ ಕೈಯಲ್ಲಿರಲಿ. ಕರೆಂಟ್ ಖಾತೆಗೆ ಜೋಡಿಸಿದ ಮೊಬೈಲ್ ನಂಬರ್ ಬದಲಾವಣೆಗೆ ವಿದ್ಯುತ್ ಕಂಪನಿಯ ಉಪವಿಭಾಗದ ಕಚೇರಿ ಅಥವಾ 1912. ಕೊನೆಯ ದಿನದ ಮೀಟರ್ ರೀಡಿಂಗ್‌ನ ಫೋಟೊ ತೆಗೆದಿಟ್ಟುಕೊಳ್ಳಿ, ಲೆಕ್ಕದ ತಕರಾರಿಗೆ ಅದೊಂದೇ ಸಾಕ್ಷಿ. ಆಮೇಲೆ ಬಿಲ್ ಕಟ್ಟುವ ಪ್ರತಿಯೊಂದು ಆ್ಯಪ್‌ನಲ್ಲೂ ಹಳೆಯ ಖಾತೆ ಅಳಿಸಿ, ಆಟೊಪೇ ಇದ್ದರೆ ಮೊದಲು ಅದನ್ನು ರದ್ದು ಮಾಡಿ. ಇಲ್ಲದಿದ್ದರೆ ಮೂರು ತಿಂಗಳು ಬೇರೆಯವರ ಕರೆಂಟಿಗೆ ನೀವು ದುಡ್ಡು ಕಟ್ಟುತ್ತೀರಿ.

ಸೈಬರ್ ಸೆಂಟರ್‌ನಲ್ಲಿ ಅರ್ಜಿ ಹಾಕಿಸಿದರೆ ಎದ್ದು ಬರುವ ಮೊದಲು ಡೌನ್‌ಲೋಡ್ ಫೋಲ್ಡರ್‌ನಲ್ಲಿರುವ ನಿಮ್ಮ ಆಧಾರ್ ಮತ್ತು ಬಿಲ್ ಕಡತ ಅಳಿಸಲು ಹೇಳಿ, ರಿಸೈಕಲ್ ಬಿನ್ ಸಹ. ಹಾಳಾದ ಝೆರಾಕ್ಸ್ ಪ್ರತಿಯನ್ನು ಕೇಳಿ ಪಡೆಯಿರಿ. ಕೇಳಲು ಸಂಕೋಚ ಆಗುತ್ತದೆ, ಆದರೂ ಕೇಳಿ.

ಬಿಲ್ ಪ್ರತಿ ಕೊಡಲೇಬೇಕಾದಾಗ

ಎರಡು ತಿಂಗಳಿಗಿಂತ ಹಳೆಯದಲ್ಲದ ಕರೆಂಟ್, ನೀರು, ಪೈಪ್ ಗ್ಯಾಸ್ ಬಿಲ್ಲನ್ನು ಬ್ಯಾಂಕುಗಳು ವಿಳಾಸದ ದಾಖಲೆಯಾಗಿ ತಾತ್ಕಾಲಿಕವಾಗಿ ಒಪ್ಪಬಹುದೆಂದು ರಿಸರ್ವ್ ಬ್ಯಾಂಕಿನ ಕೆವೈಸಿ ನಿಯಮದಲ್ಲಿದೆ. ಅಂದರೆ ದುರುಪಯೋಗ ಮಾಡುವವನಿಗೂ ಬೇಕಿರುವುದು ಹೊಸ ಬಿಲ್ಲೇ. ಹಳೆಯದನ್ನು ಕಪಾಟಿನಲ್ಲಿ ಜೋಪಾನ ಮಾಡಿ ಹೊಸದನ್ನು ಮೀಟರ್ ಬಾಕ್ಸಿನಲ್ಲಿ ಬಿಡುವುದು ತಲೆಕೆಳಗಾದ ಜಾಗ್ರತೆ.

ಪ್ರತಿ ಕೇಳಿದವರಿಗೆ ವಿಳಾಸ ಮಾತ್ರ ಬೇಕೇ, ಖಾತೆ ಸಂಖ್ಯೆಯೂ ಬೇಕೇ ಎಂದು ವಿಚಾರಿಸಿ. ವಿಳಾಸ ಮಾತ್ರ ಎಂದಾದರೆ ಖಾತೆ ಸಂಖ್ಯೆ, ಆರ್.ಆರ್. ನಂಬರ್, ಮೊತ್ತ ಮುಚ್ಚಿ ಕೊಡಿ. ಫೋನಿನ ಹೈಲೈಟರ್‌ನಿಂದ ಕಪ್ಪು ಬಳಿದರೆ ಸಾಲದು. ಅದು ಅರೆಪಾರದರ್ಶಕ, ಬೆಳಕು ಹೆಚ್ಚಿಸಿದರೆ ಅಂಕಿ ಕಾಣುತ್ತವೆ. ಚೌಕಾಕಾರದ ಗಟ್ಟಿ ಬಣ್ಣ ಹಾಕಿ, ಆ ಚಿತ್ರದ ಸ್ಕ್ರೀನ್‌ಶಾಟ್ ತೆಗೆದು ಸ್ಕ್ರೀನ್‌ಶಾಟ್ ಕಳಿಸಿ. ಪಿಡಿಎಫ್ ಮೇಲೆ ಎಳೆದ ಕಪ್ಪು ಪಟ್ಟಿಯನ್ನು ಎತ್ತಿ ಪಕ್ಕಕ್ಕಿಡಬಹುದು, ಹಾಗಾಗಿ ಪಿಡಿಎಫ್ ಬೇಡ. ಕಾಗದದ ಪ್ರತಿಯಾದರೆ ಅಕ್ಷರಗಳ ಮೇಲೆಯೇ ಅಡ್ಡಲಾಗಿ 'ಬಾಡಿಗೆ ಕರಾರಿಗೆ ಮಾತ್ರ' ಎಂದು ಬರೆದು ದಿನಾಂಕ ಹಾಕಿ. ಖಾಲಿ ಅಂಚಿನಲ್ಲಿ ಬರೆದರೆ ಕತ್ತರಿಸಿ ಬಿಸಾಕುತ್ತಾರೆ.

ಆಧಾರ್ ಕೊಡಬೇಕಾದರೆ ಯುಐಡಿಎಐ ತಾಣದಿಂದ ಕೊನೆಯ 4 ಅಂಕಿ ಮಾತ್ರ ತೋರಿಸುವ ಮಾಸ್ಕ್ಡ್ ಆಧಾರ್ ಇಳಿಸಿಕೊಳ್ಳಿ.

ಫೋನಿನಲ್ಲಿ ಹತ್ತು ನಿಮಿಷದ ಕೆಲಸ

ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್, ಪ್ರೈವೆಸಿ, ಪರ್ಮಿಷನ್ ಮ್ಯಾನೇಜರ್, ಎಸ್‌ಎಂಎಸ್ ಎಂಬ ಹಾದಿಯಲ್ಲಿ ಹೋಗಿ. ಮೆಸೇಜ್ ಓದುವ ಆ್ಯಪ್‌ಗಳ ಪಟ್ಟಿ ಅಲ್ಲಿರುತ್ತದೆ. ದಿನಸಿ ತರಿಸುವ ಆ್ಯಪ್, ಸಾಲದ ಆ್ಯಪ್, ಖರ್ಚಿನ ಲೆಕ್ಕದ ಆ್ಯಪ್ ಎಲ್ಲದರ ಅನುಮತಿ ತೆಗೆಯಿರಿ. ಯುಪಿಐ ಆ್ಯಪ್‌ಗೆ ನೋಂದಣಿಯ ವೇಳೆ ಸಿಮ್ ಖಚಿತಪಡಿಸಲು ಎಸ್‌ಎಂಎಸ್ ಬೇಕು. ತೆಗೆದರೆ ಕೆಲವು ಆ್ಯಪ್ ಮತ್ತೆ ಕೇಳಬಹುದು, ಆಗ ಕೊಟ್ಟರಾಯಿತು.

ಯಾರು ಮಾಹಿತಿ ಹಂಚಿದರು ಎಂದು ಪತ್ತೆ ಹಚ್ಚಲು ಒಂದು ಸಣ್ಣ ಉಪಾಯ ಇದೆ. ಜಿಮೇಲ್ ವಿಳಾಸದಲ್ಲಿ ನಿಮ್ಮ ಹೆಸರಿನ ನಂತರ, @ ಗುರುತಿಗೆ ಮೊದಲು, + ಹಾಕಿ ಒಂದು ಪದ ಸೇರಿಸಿದರೂ ಅಂಚೆ ನಿಮಗೇ ಬರುತ್ತದೆ. ಕರೆಂಟ್ ಖಾತೆಗೆ ಒಂದು ಪದ, ಗ್ಯಾಸಿಗೆ ಇನ್ನೊಂದು, ಅಪಾರ್ಟ್‌ಮೆಂಟ್ ಗೇಟ್ ಆ್ಯಪ್‌ಗೆ ಮತ್ತೊಂದು. ಗೇಟ್ ಆ್ಯಪ್‌ಗೆ ಕೊಟ್ಟ ವಿಳಾಸಕ್ಕೆ ಇಂಟೀರಿಯರ್ ಕಂಪನಿಯ ಜಾಹೀರಾತು ಬಂದರೆ ಹೊಳೆ ಎಲ್ಲಿ ಹುಟ್ಟಿತು ಎಂದು ಗೊತ್ತಾಯಿತು. ಕೆಲವು ಜಾಲತಾಣಗಳು + ಗುರುತನ್ನು ಒಪ್ಪುವುದಿಲ್ಲ.

ಮಾರಾಟದ ಕರೆ ನಿಲ್ಲಿಸಲು 1909ಕ್ಕೆ ಕರೆ ಮಾಡಿ ಆದ್ಯತೆ ದಾಖಲಿಸಿ. ಆದರೂ ಕರೆ ಬಂದರೆ 7 ದಿನದೊಳಗೆ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್‌ನ ಡಿಎನ್‌ಡಿ ಆ್ಯಪ್‌ನಲ್ಲಿ ದೂರು ಕೊಡಬಹುದು. ಒಂದು ತೊಡಕಿದೆ: ಯಾವುದೋ ಫಾರ್ಮ್‌ನಲ್ಲಿ 'ಪಾಲುದಾರರು ಸಂಪರ್ಕಿಸಬಹುದು' ಎಂಬ ಚೌಕದಲ್ಲಿ ಟಿಕ್ ಹಾಗೇ ಉಳಿದಿದ್ದರೆ ಕಂಪನಿ ಅದನ್ನೇ ಒಪ್ಪಿಗೆ ಎಂದು ತೋರಿಸುತ್ತದೆ. ಆ ಒಪ್ಪಿಗೆಯನ್ನೂ ಹಿಂದೆಗೆಯಬೇಕು.

'ಇಂದು ರಾತ್ರಿ 9.30ಕ್ಕೆ ಕರೆಂಟ್ ಕಟ್'

ಈ ಮೆಸೇಜ್ ದೇಶದಲ್ಲೆಲ್ಲ ಓಡಾಡಿದೆ. ಹಿಂದಿನ ತಿಂಗಳ ಬಿಲ್ ಅಪ್‌ಡೇಟ್ ಆಗಿಲ್ಲ, ಈ ಅಧಿಕಾರಿಗೆ ಕರೆ ಮಾಡಿ ಎಂದು 10 ಅಂಕಿಯ ಮೊಬೈಲ್ ನಂಬರ್ ಕೊಟ್ಟಿರುತ್ತಾರೆ. ನೋಂದಾಯಿತ ಸಂಸ್ಥೆಗಳ ಮೆಸೇಜ್ ಮೊಬೈಲ್ ನಂಬರಿನಿಂದ ಬರುವುದಿಲ್ಲ. ಅಕ್ಷರಗಳ ಹೆಸರಿನಿಂದ ಬರುತ್ತದೆ. 2025ರಿಂದ ಆ ಹೆಸರಿನ ಕೊನೆಗೆ ಒಂದು ಇಂಗ್ಲಿಷ್ ಅಕ್ಷರವೂ ಇರುತ್ತದೆ: ಪ್ರಚಾರಕ್ಕೆ ಪಿ, ಸೇವೆಗೆ ಎಸ್, ವಹಿವಾಟಿಗೆ ಟಿ, ಸರ್ಕಾರಕ್ಕೆ ಜಿ. ಅಲ್ಲದೆ 2003ರ ವಿದ್ಯುತ್ ಕಾಯ್ದೆಯ 56ನೇ ಕಲಂ ಪ್ರಕಾರ ಬಾಕಿಗಾಗಿ ಸಂಪರ್ಕ ಕಡಿಯುವ ಮೊದಲು 15 ಪೂರ್ಣ ದಿನಗಳ ಲಿಖಿತ ನೋಟಿಸ್ ಕೊಡಬೇಕು.

ಕರೆ ಮಾಡಿದರೆ ಪರದೆ ಹಂಚುವ ಆ್ಯಪ್ ಹಾಕಿಸುತ್ತಾರೆ, ಇಲ್ಲವೇ ವಾಟ್ಸ್ಆ್ಯಪ್‌ನಲ್ಲಿ ಎಪಿಕೆ ಕಡತ (ಪ್ಲೇ ಸ್ಟೋರ್ ಇಲ್ಲದೆ ನೇರವಾಗಿ ಆ್ಯಪ್ ಹಾಕುವ ಕಡತ) ಕಳಿಸುತ್ತಾರೆ. ಆಮೇಲೆ '10 ರೂಪಾಯಿ ಕಟ್ಟಿ' ಎನ್ನುತ್ತಾರೆ. ಅವರಿಗೆ ಬೇಕಿರುವುದು ಆ 10 ರೂಪಾಯಿಯಲ್ಲ, ನೀವು ಒತ್ತುವ ಪಿನ್ ಮತ್ತು ಬರುವ ಒಟಿಪಿ. ಕಡತ ಹಾಕಿಬಿಟ್ಟಿದ್ದರೆ ಕೂಡಲೇ ಫೋನನ್ನು ಏರೋಪ್ಲೇನ್ ಮೋಡ್‌ಗೆ ತಂದು, ವೈಫೈ ಆರಿಸಿ, ಬೇರೆ ಫೋನಿನಿಂದ ಬ್ಯಾಂಕಿಗೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಕರೆ ಮಾಡಿ. ಹಣ ಮುಂದಿನ ಖಾತೆಗಳಿಗೆ ಹಂಚಿಹೋಗುವ ಮೊದಲು ತಡೆಹಿಡಿಯಬೇಕು, ಆದ್ದರಿಂದ ಠಾಣೆಗೆ ಹೋಗುವುದು ಆಮೇಲೆ.

ಕಂಪನಿಗೆ ಪತ್ರ ಬರೆಯುವುದು

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂತು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ನಮ್ಮ ಹಕ್ಕುಗಳಿಗೆ ಸಂಬಂಧಿಸಿದ ಭಾಗಕ್ಕೆ 18 ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ, ಅಂದರೆ 2027ರ ಮೇ ಹೊತ್ತಿಗೆ. ಅದು ಬಂದ ಮೇಲೆ ನಿಮ್ಮ ಯಾವ ಮಾಹಿತಿ ಇದೆ, ಯಾರಿಗೆ ಕೊಟ್ಟಿದ್ದಾರೆ ಎಂದು ಕೇಳಬಹುದು, ತಿದ್ದಿಸಬಹುದು, ಅಳಿಸಲು ಹೇಳಬಹುದು. ಒಪ್ಪಿಗೆಯ ಸೂಚನೆಯನ್ನು ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲಿ, ಅಂದರೆ ಕನ್ನಡದಲ್ಲೂ, ಓದುವ ಆಯ್ಕೆ ಕೊಡಲೇಬೇಕು. ಭದ್ರತಾ ಲೋಪಕ್ಕೆ ದಂಡ 250 ಕೋಟಿ ರೂಪಾಯಿವರೆಗೆ. ಸಬ್ಸಿಡಿ, ಸವಲತ್ತು ಕೊಡಲು ಸರ್ಕಾರಕ್ಕೆ ಒಪ್ಪಿಗೆಯಿಲ್ಲದೆಯೂ ಮಾಹಿತಿ ಬಳಸಲು ಕಾಯ್ದೆ ಬಿಟ್ಟಿದೆ, ಅದು ಗಮನದಲ್ಲಿರಲಿ.

ಕಾಯ್ದೆಯ ದಿನ ಬರುವವರೆಗೆ ಸುಮ್ಮನೆ ಕೂರಬೇಕಿಲ್ಲ. ಕಂಪನಿಯ ಜಾಲತಾಣದ ಕೆಳತುದಿಯಲ್ಲಿ ಕುಂದುಕೊರತೆ ಅಧಿಕಾರಿಯ ಇಮೇಲ್ ಇದ್ದರೆ ನಾಲ್ಕೇ ಸಾಲು ಬರೆಯಿರಿ: 'ಈ ದಿನಾಂಕ, ಈ ಹೊತ್ತಿಗೆ, ಈ ನಂಬರಿನಿಂದ ನನಗೆ ಕರೆ ಬಂತು. ನನ್ನ ನಂಬರ್ ನಿಮಗೆ ಯಾರಿಂದ, ಯಾವಾಗ ಸಿಕ್ಕಿತು ತಿಳಿಸಿ. ಕೊಟ್ಟಿದ್ದ ಒಪ್ಪಿಗೆ ಏನಾದರೂ ಇದ್ದರೆ ಇಂದಿನಿಂದ ಹಿಂದೆಗೆದಿದ್ದೇನೆ. ಅಳಿಸಿ, ಅಳಿಸಿದ್ದನ್ನು ಬರಹದಲ್ಲಿ ತಿಳಿಸಿ.' ಇದರ ಜೊತೆ ಗುರುತಿಗೆಂದು ಆಧಾರ್ ಕೇಳಿದರೆ ಕೊಡಬೇಡಿ. ಅವರು ಕರೆ ಮಾಡಿದ ನಿಮ್ಮ ನಂಬರಿಗೇ ಒಟಿಪಿ ಕಳಿಸಿ ಖಚಿತ ಮಾಡಿಕೊಳ್ಳಲು ಹೇಳಿ.