ಹಳೆಯ ಶೆಫೀಲ್ಡ್ ಚಾಕುಗಳನ್ನು ನಾನು ಆರಿಸುವ ಬಗೆ

ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ ತಯಾರಾದ ಹಳೆಯ ಮಡಚುಚಾಕು ಕೈಗೆ ಬಂದಾಗ ನಾನು ಮೊದಲು ನೋಡುವುದು ಅಲಗಿನ ಹರಿತವನ್ನಲ್ಲ, ಹಿಡಿಯ ಅಂದವನ್ನೂ ಅಲ್ಲ. ಅದನ್ನು ಮಡಚಿ ಬೆಳಕಿಗೆ ಹಿಡಿದು, ಬೆನ್ನಿನ ಸ್ಪ್ರಿಂಗಿಗೂ ಅದರ ಎರಡೂ ಬದಿಯ ತಗಡಿಗೂ ನಡುವೆ ಬೆಳಕು ನುಸುಳುತ್ತದೆಯೇ ಎಂದು ಪರೀಕ್ಷಿಸುತ್ತೇನೆ. ಆಮೇಲೆ ಅಲಗಿನ ಮೇಲಿನ ಗೀರಿಗೆ ಉಗುರು ಸಿಕ್ಕಿಸಿ ಅದನ್ನು ನಿಧಾನವಾಗಿ ತೆರೆಯುತ್ತೇನೆ. ಪೂರ್ತಿ ತೆರೆದಾಗ ಬರುವ ‘ಟಕ್’ ಸದ್ದು ಮಂಕಾಗಿದ್ದರೆ ಕೀಲಿನಲ್ಲಿ ಜಿಡ್ಡು ತುಂಬಿರಬಹುದು ಅಥವಾ ಸ್ಪ್ರಿಂಗ್ ಸೋತಿರಬಹುದು; ಅಲಗು ಅಡ್ಡಕ್ಕೆ ಅಲುಗಾಡಿದರೆ ಕೀಲು ಸಡಿಲವಾಗಿದೆ. ತೆರೆದಾಗಲೂ ಮಡಚಿದಾಗಲೂ ಸ್ಪ್ರಿಂಗಿನ ಬೆನ್ನು ಹಿಡಿಯ ಅಂಚಿಗೆ ಸರಿಸಮನಾಗಿ ನಿಲ್ಲಬೇಕು. ಇದಕ್ಕಾಗಿ ಕುಶಲಕರ್ಮಿ ಅಲಗಿನ ಬುಡವನ್ನು ಅರದಿಂದ ಕೂದಲೆಳೆಯಷ್ಟು ಉಜ್ಜಿ, ಜೋಡಿಸಿ ನೋಡಿ, ಬಿಚ್ಚಿ ಮತ್ತೆ ಉಜ್ಜುತ್ತಿದ್ದ. ನಾನು ಹಣ ಕೊಡುವುದು ಈ ಕೆಲಸಕ್ಕೆ.

ಉದ್ಯೋಗದ ನಿಮಿತ್ತ ಯಾರ್ಕ್‌ಷೈರಿನಲ್ಲಿ ನೆಲೆಸಿದ ನನಗೆ ಈ ಒಲವು ಹತ್ತಿದ್ದು ಶೆಫೀಲ್ಡಿನ ಕೆಲ್ಹಮ್ ಐಲೆಂಡ್ ವಸ್ತುಸಂಗ್ರಹಾಲಯದಲ್ಲಿ. ಡಾನ್, ಶೀಫ್, ಪೋರ್ಟರ್, ರಿವೆಲಿನ್, ಲಾಕ್ಸ್ಲಿ ಎಂಬ ಹೊಳೆಗಳು ಸಾಣೆಕಲ್ಲುಗಳನ್ನು ತಿರುಗಿಸುತ್ತಿದ್ದ ಊರಿದು. ಇಲ್ಲಿನ ಚಾಕು ತಯಾರಕರ ಸಂಘಕ್ಕೆ 1624ರಲ್ಲೇ ಪಾರ್ಲಿಮೆಂಟಿನ ಕಾಯ್ದೆಯ ಮನ್ನಣೆ ದೊರೆತಿತ್ತು. ಅಲಗು ಬಡಿಯುವವನು, ಸಾಣೆ ಹಿಡಿಯುವವನು, ಹಿಡಿ ಕೂರಿಸಿ ಜೋಡಿಸುವವನು ಬೇರೆ ಬೇರೆಯವರಾಗಿದ್ದರು. ಸಣ್ಣ ಕೋಣೆಯನ್ನು ಬಾಡಿಗೆಗೆ ಹಿಡಿದು ಸ್ವತಂತ್ರವಾಗಿ ದುಡಿಯುತ್ತಿದ್ದವರನ್ನು ‘ಲಿಟಲ್ ಮೆಸ್ಟರ್’ ಎಂದು ಕರೆಯುತ್ತಾರೆ. ಆ ಪರಂಪರೆಯ ಹೆಸರಾಂತ ಕುಶಲಿ ಸ್ಟ್ಯಾನ್ ಶಾ 2021ರಲ್ಲಿ ತೀರಿಕೊಂಡರು.

ಜೋಸೆಫ್ ರಾಡ್ಜರ್ಸ್ ಎಂಬ ಇಲ್ಲಿನ ಚಾಕು ತಯಾರಿಕಾ ಸಂಸ್ಥೆ ಲಂಡನ್ನಿನ 1851ರ ಮಹಾಪ್ರದರ್ಶನಕ್ಕಾಗಿ ಮಾಡಿದ 75 ಅಲಗುಗಳ ನಾರ್ಫೋಕ್ ಚಾಕು ಶೆಫೀಲ್ಡಿನ ಕಟ್ಲರ್ಸ್ ಹಾಲಿನಲ್ಲಿದೆ. ಅದು ಅಚ್ಚರಿಯ ವಸ್ತುವೇ ಸರಿ. ಆದರೆ ನನ್ನ ಮನಸ್ಸು ನಿಂತದ್ದು ಒಂದೇ ಅಲಗಿನ ‘ಲ್ಯಾಂಬ್ಸ್‌ಫುಟ್’ ಮಾದರಿಯ ಮೇಲೆ. ಇದರ ಬಾಯಿ, ಅಂದರೆ ಕತ್ತರಿಸುವ ಅಂಚು, ಉದ್ದಕ್ಕೂ ನೇರ. ಬೆನ್ನು ಮಾತ್ರ ಮೆಲ್ಲಗೆ ಇಳಿಯುತ್ತ ಬಂದು ತುದಿಯಲ್ಲಿ ಬಾಯನ್ನು ಕೂಡುತ್ತದೆ. ಹಗ್ಗ ಕತ್ತರಿಸಲು, ಕಡ್ಡಿ ಸೀಳಲು, ಹಲಗೆಯ ಮೇಲೆ ಹಣ್ಣು ಹೆಚ್ಚಲು ಇಷ್ಟು ಒದಗುವ ಆಕಾರ ಇನ್ನೊಂದಿಲ್ಲವೆಂದೇ ನನ್ನ ಅಭಿಪ್ರಾಯ. ನನ್ನಲ್ಲಿರುವ ಇಂಥದ್ದೊಂದಕ್ಕೆ ಎಮ್ಮೆಕೊಂಬಿನ ಹಿಡಿಯಿದೆ. ಕಪ್ಪೆಂದು ಕಾಣುವ ಆ ಕೊಂಬನ್ನು ಕಿಟಕಿಯ ಬಳಿ ಹಿಡಿದರೆ ಒಳಗೆ ಜೇನುಬಣ್ಣದ ಎಳೆಗಳು ಹೊಳೆಯುತ್ತವೆ. ಹಿಂದಿನ ಒಡೆಯನ ಹೆಬ್ಬೆರಳು ಊರುತ್ತಿದ್ದ ಜಾಗ ಸವೆದು ನುಣುಪಾಗಿದೆ. ಸವೆತ ಕೊಂಬಿನಲ್ಲಿದ್ದರೆ ನನಗೆ ಸಂತೋಷ. ಅಲಗಿನಲ್ಲಿದ್ದರೆ ಎಚ್ಚರ ವಹಿಸುತ್ತೇನೆ: ಮಸೆದು ಮಸೆದು ಬಾಯಿ ನಡುವೆ ಒಳಬಾಗಿದ್ದರೆ, ಅಥವಾ ಮಡಚಿದಾಗ ತುದಿ ಹಿಡಿಯಿಂದ ಹೊರಗೆ ಇಣುಕಿದರೆ, ಅಂಥದ್ದನ್ನು ಕೊಳ್ಳುವುದಿಲ್ಲ.

ಕಾಲವನ್ನು ಅಲಗಿನ ಬುಡದ ಮುದ್ರೆ ಹೇಳುತ್ತದೆ. ರಾಡ್ಜರ್ಸ್ ಸಂಸ್ಥೆಯ ನಕ್ಷತ್ರ ಮತ್ತು ಶಿಲುಬೆಯ ಗುರುತು ಮೊದಲು ನೋಂದಣಿಯಾದದ್ದು 1682ರಲ್ಲಿ. ‘ವಿ’ ಮತ್ತು ‘ಆರ್’ ಅಕ್ಷರಗಳ ನಡುವೆ ಕಿರೀಟವಿದ್ದರೆ ಸಾಮಾನ್ಯವಾಗಿ ಅದು 1837ರಿಂದ 1901ರವರೆಗಿನ ವಿಕ್ಟೋರಿಯಾ ಕಾಲದ್ದು. ‘ಇಂಗ್ಲೆಂಡ್’ ಎಂಬ ಪದ ಮುದ್ರೆಯಲ್ಲಿದ್ದರೆ ಬಹುಮಟ್ಟಿಗೆ 1891ರ ನಂತರದ್ದೆಂದು ಎಣಿಸುತ್ತೇನೆ, ಏಕೆಂದರೆ ಆಮದು ವಸ್ತುಗಳ ಮೇಲೆ ತಯಾರಾದ ದೇಶದ ಹೆಸರಿರಬೇಕೆಂದು ಅಮೆರಿಕದ ಮ್ಯಾಕಿನ್ಲಿ ಸುಂಕ ಕಾಯ್ದೆ ಕಡ್ಡಾಯಗೊಳಿಸಿತ್ತು.

ಹೊಳಪು ಯಂತ್ರಕ್ಕೆ ಹಳೆಯ ಚಾಕುವನ್ನು ಒಡ್ಡುವುದನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ಒಂದೆರಡು ನಿಮಿಷದಲ್ಲಿ ಮುದ್ರೆ ಮಸುಕಾಗುತ್ತದೆ, ಸಾಣೆ ಹಿಡಿದವನು ಮೂಡಿಸಿದ ಏಣುಗಳೆಲ್ಲ ಕರಗುತ್ತವೆ; ಅವನ್ನು ಮರಳಿ ತರಲು ಯಾರಿಂದಲೂ ಆಗದು. ನಾನು ಮಾಡುವುದಿಷ್ಟೆ: ಕೀಲಿಗೆ ಖನಿಜ ತೈಲದ ಒಂದೆರಡು ಹನಿ ಬಿಟ್ಟು, ಅಲಗನ್ನು ಮತ್ತೆ ಮತ್ತೆ ತೆರೆದು ಮಡಚುತ್ತೇನೆ. ಮೊದಲು ಕಾಡಿಗೆಯಂಥ ಕಪ್ಪು ಎಣ್ಣೆ, ಆಮೇಲೆ ಕಂದು, ಕೊನೆಗೆ ತಿಳಿ ಎಣ್ಣೆ ಹೊರಬರುತ್ತದೆ. ಅಷ್ಟರಲ್ಲಿ ಸ್ಪ್ರಿಂಗಿನ ದನಿಯೂ ತಿಳಿಯಾಗಿರುತ್ತದೆ. ಕೆಂಪು ತುಕ್ಕನ್ನು ಅತಿ ನಯವಾದ ಉಕ್ಕಿನ ನಾರಿನಿಂದ ಎಣ್ಣೆಯೊಡನೆ ಉಜ್ಜಿ ತೆಗೆಯುತ್ತೇನೆ. ಕಾರ್ಬನ್ ಉಕ್ಕಿನ ಮೇಲೆ ಕಟ್ಟಿದ ಬೂದು ಬಣ್ಣವನ್ನು ಮುಟ್ಟುವುದಿಲ್ಲ. ಚಾಕುಗಳನ್ನು ತೊಗಲಿನ ಚೀಲದಲ್ಲಿ ಇಡುವುದಿಲ್ಲ, ತೊಗಲು ತೇವ ಹಿಡಿಯುತ್ತದೆ. ಸೆಲ್ಯುಲಾಯ್ಡ್ ಎಂಬ ಹಳೆಯ ಬಗೆಯ ಪ್ಲಾಸ್ಟಿಕ್ಕಿನ ಹಿಡಿಯವು ಬೇರೆ ಪೆಟ್ಟಿಗೆಯಲ್ಲಿವೆ. ಆ ವಸ್ತು ಹಳತಾದಂತೆ ಬಿಡುವ ಆವಿ ಪಕ್ಕದ ಅಲಗುಗಳನ್ನೂ ತಿನ್ನುತ್ತದೆ.

ಜಿಂಕೆಕೊಂಬಿನ ಹಿಡಿ ಎಂದು ಶೆಫೀಲ್ಡಿನಲ್ಲಿ ಹೇಳುವುದು ಬಹುಪಾಲು ಭಾರತದಿಂದ ಹೋದ ಕಡವೆಯ ಕೊಂಬನ್ನು. ಬಂಡೀಪುರ, ನಾಗರಹೊಳೆಗಳಲ್ಲಿ ಕಡವೆಯನ್ನು ಕಂಡವರು ಆ ಒರಟು ಗೀರುಗಳನ್ನು ಮುಟ್ಟಿದ ಕೂಡಲೇ ಗುರುತಿಸುತ್ತಾರೆ. ಭಾರತ ಈ ಕೊಂಬಿನ ರಫ್ತನ್ನು ನಿಷೇಧಿಸಿದೆ, ಅದು ಸರಿಯಾದ ನಿರ್ಧಾರ. ಆನೆದಂತದ ಹಿಡಿಯವನ್ನಂತೂ ನಾನು ಕೊಳ್ಳುವುದೇ ಇಲ್ಲ. ಬ್ರಿಟನ್ನಿನ ದಂತ ಕಾಯ್ದೆ 2022ರ ಜೂನ್‌ನಲ್ಲಿ ಜಾರಿಗೆ ಬಂದ ಮೇಲೆ, ಕೆಲವು ವಿನಾಯಿತಿಗಳ ಹೊರತು ಅವುಗಳ ಮಾರಾಟವೇ ನಿಂತಿದೆ.

ಜೇಬಿನಲ್ಲಿ ಒಯ್ಯಲು ನಾನು ಇಟ್ಟುಕೊಂಡಿರುವುದು ಈ ಕಾಲದ ಲ್ಯಾಂಬ್ಸ್‌ಫುಟ್ ಒಂದನ್ನು, ಶೆಫೀಲ್ಡಿನಲ್ಲಿ ಎ. ರೈಟ್ ಅಂಡ್ ಸನ್ ಮೊದಲಾದವರು ಇಂಥವನ್ನು ಈಗಲೂ ಜೋಡಿಸುತ್ತಾರೆ. ಬಾಯಿ 3 ಅಂಗುಲ ಮೀರದ, ತೆರೆದಾಗ ಲಾಕ್ ಆಗದ ಮಡಚುಚಾಕುವನ್ನು ಇಂಗ್ಲೆಂಡಿನಲ್ಲಿ ಕಾರಣ ಕೊಡದೆ ಒಯ್ಯಬಹುದು. ಈ ಮಾದರಿಯ ಬಹುಪಾಲು ಚಾಕುಗಳು ಆ ಮಿತಿಯೊಳಗೇ ಇರುತ್ತವೆಯಾದರೂ, ಕೊಳ್ಳುವ ಮುನ್ನ ಅಳೆದು ನೋಡುತ್ತೇನೆ.